ಅಣ್ಣನ ದನಿಗೆ ಗಾಳಿ ಹಾಕುವ ಫ್ಯಾನಕ್ಕ

ಬೀದಿ ಇನ್ನೂ ಎದ್ದಿಲ್ಲ. ಸಾಲು ಅಂಗಡಿಗಳ ಷಟರ್‌ಗಳೆಲ್ಲ ನೆಲ ಕಚ್ಚಿಕೊಂಡಿವೆ. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ಒಂದು ಸೈಕಲ್ ನಿಲ್ಲಿಸಿದರೆ ಮುಗಿದುಹೋಗುವಷ್ಟು ಜಾಗದಲ್ಲಿ, ಒಂದೇ ಒಂದು ದೀಪ ಉರಿಯುತ್ತಿದೆ. ಅದರಡಿ ಐವತ್ತು ದಾಟಿದ ಹೆಂಗಸೊಬ್ಬರು ಮೇಜಿನ ಮೇಲಿನ ಲ್ಯಾಪ್‌ಟಾಪಿಗೆ ಕೆನ್ನೆ ತಾಗುವಷ್ಟು ಬಗ್ಗಿ, ಉಸಿರು ಬಿಗಿಹಿಡಿದು ಕೂತಿದ್ದಾರೆ. ದಾರಿಹೋಕರು ಕಂಡರೆ, ಪಾಪ, ಕೆಲಸದ ನಡುವೆಯೇ ಕಣ್ಣು ಹತ್ತಿಬಿಟ್ಟಿದೆ ಅಂದುಕೊಳ್ಳಬೇಕು. ಆದರೆ ಆಕೆ ನಿದ್ದೆ ಮಾಡುತ್ತಿಲ್ಲ, ಕೇಳಿಸಿಕೊಳ್ಳುತ್ತಿದ್ದಾರೆ.

ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಅಂಗೈಗಿಂತ ಚಿಕ್ಕದಾದ ಒಂದು ಫ್ಯಾನು ತಿರುಗುತ್ತದೆ. ಯಂತ್ರ ಕೆಲಸ ಮಾಡುವಾಗ ಹುಟ್ಟುವ ಬಿಸಿಯನ್ನು ಹೊರಗೆ ದಬ್ಬುವುದು ಅದರ ಕೆಲಸ. ಅದು ಸರಾಗವಾಗಿ ತಿರುಗುತ್ತಿದೆಯೋ, ಧೂಳು ತುಂಬಿ ನೆಗಡಿಯಾದವರ ಹಾಗೆ ಉಸಿರಾಡುತ್ತಿದೆಯೋ, ಇಲ್ಲವೇ ನಡುವಿನ ಕಡ್ಡಿ ಸವೆದು ಸಣ್ಣಗೆ ಕಟಕಟ ಎನ್ನುತ್ತಿದೆಯೋ ಎಂಬುದನ್ನು ಈಕೆ ಕಿವಿಯಿಂದಲೇ ಹಿಡಿಯುತ್ತಾರೆ. ಬಸ್ಸುಗಳ ಹಾರ್ನ್, ಎದುರಿನ ವೆಲ್ಡಿಂಗ್ ಅಂಗಡಿಯ ಗದ್ದಲ ಶುರುವಾದ ಮೇಲೆ ಈ ಪುಟ್ಟ ಸದ್ದು ಯಾರ ಕಿವಿಗೂ ಬೀಳದು. ಅದಕ್ಕೇ ಬೆಳಕು ಹರಿಯುವ ಮೊದಲೇ ಅಂಗಡಿ ತೆಗೆಯುತ್ತಾರೆ.

ಕೇಳಿಸಿಕೊಂಡಾದ ಮೇಲೆ ಯಂತ್ರದ ಅಡಿಗೆ ಅಂಗೈ ಇಟ್ಟು ಬಿಸಿ ನೋಡುತ್ತಾರೆ. ಮಗುವಿನ ಹಣೆ ಮುಟ್ಟಿ ಜ್ವರ ನೋಡಿದ ಹಾಗೆ. ಆಮೇಲೆ ಆರಿಸಿ, ಮಗುಚಿ, ಸ್ಕ್ರೂ ಬಿಚ್ಚುತ್ತಾರೆ. ಒಂದು ಸ್ಕ್ರೂ ಗಿಡ್ಡ, ಇನ್ನೊಂದು ಉದ್ದ. ಗಿಡ್ಡದರ ಜಾಗಕ್ಕೆ ಉದ್ದದ್ದು ಹೋದರೆ ಒಳಗಿನ ಬೋರ್ಡಿಗೆ ತೂತು. ಅದಕ್ಕೆಂದೇ ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು, ಬಿಚ್ಚಿದ ಸ್ಕ್ರೂಗಳನ್ನು ಅವವುಗಳ ಜಾಗದಲ್ಲೇ ಚುಚ್ಚಿಡುತ್ತಾರೆ. ಫ್ಯಾನು ಕಳಚಿದರೆ ಅದರ ಬಾಯಿಗೆ ಅಡ್ಡಲಾಗಿ ಧೂಳು, ಕೂದಲು, ಹತ್ತಿಯ ಎಳೆ ಎಲ್ಲ ಸೇರಿ ಹೆಣೆದುಕೊಂಡ ಪುಟ್ಟ ಕಂಬಳಿ. ಅದನ್ನು ಚಿಮಟದಿಂದ ಇಡಿಯಾಗಿ ಎಬ್ಬಿಸಿ ತೆಗೆಯುವುದರಲ್ಲಿ ಈಕೆಯದು ಎತ್ತಿದ ಕೈ. ತೆಗೆದದ್ದನ್ನು ಎಸೆಯುವುದಿಲ್ಲ, ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಲ್ಯಾಪ್‌ಟಾಪಿನ ಜೊತೆ ಗಿರಾಕಿಯ ಕೈಗೆ ಕೊಡುತ್ತಾರೆ. ಏನಾಗಿತ್ತು ಎಂದು ಕೇಳುವವರಿಗೆ ಅದೇ ಉತ್ತರ. ಬಾಯಿಬಿಟ್ಟು ಹೇಳುವ ಶ್ರಮ ತಪ್ಪಿತಲ್ಲ.

ಬೀದಿಯಲ್ಲಿ ಈಕೆಗೆ ಫ್ಯಾನಕ್ಕ ಎಂದೇ ಹೆಸರು. ಪಕ್ಕದ ಕೀಲಿ ಮಾಡುವವರಿಂದ ಹಿಡಿದು ಎದುರಿನ ವೆಲ್ಡರ್‌ವರೆಗೆ ಎಲ್ಲರಿಗೂ ಫ್ಯಾನಕ್ಕ ಗೊತ್ತು, ಫ್ಯಾನಕ್ಕನ ದನಿ ಮಾತ್ರ ಅಷ್ಟಾಗಿ ಗೊತ್ತಿಲ್ಲ. ಮಾತಾಡಿದರೆ ಮುತ್ತು ಉದುರಿ ಹೋಗುತ್ತದೇನೋ ಎಂಬಂತೆ ಬಾಯಿ ಮುಚ್ಚಿಕೊಂಡೇ ಇರುವ ಜೀವ. ಮೊದಲೆಲ್ಲ ಯಾರು ಏನು ಕೇಳಿದರೂ, 'ಅಣ್ಣನ್ನ ಕೇಳಿ' ಎಂದು ಮುಂದಿನ ಕುರ್ಚಿಯ ಕಡೆ ಗಲ್ಲ ತೋರಿಸುತ್ತಿದ್ದರು. ಮದುವೆ ಯಾಕೆ ಆಗಲಿಲ್ಲ ಎಂದು ಅಧಿಕಪ್ರಸಂಗ ಮಾಡಿದವರಿಗೂ ಅದೇ ಉತ್ತರ ಸಿಕ್ಕಿತ್ತಂತೆ. ಆ ಕುರ್ಚಿ ಈಗ ಖಾಲಿ ಇದೆ. ಅದರ ಮೇಲೆ ಯಾರೂ ಕೂರುವುದಿಲ್ಲ, ರಿಪೇರಿಗೆ ಬಂದ ಸಾಮಾನನ್ನೂ ಇಡುವುದಿಲ್ಲ.

ಅಣ್ಣ ತಂಗಿ ಇಬ್ಬರಿಗೂ ಈ ಕೆಲಸ ಅಪ್ಪನಿಂದ ಬಂದದ್ದು. ಅಪ್ಪ ಟೇಬಲ್ ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಿದ್ದರು. ಅವರ ಕೈಗುಣವೆಲ್ಲ ಮಗಳಿಗೆ ಹೋಯಿತು, ಬಾಯಿಯೆಲ್ಲ ಮಗನಿಗೆ. ಅಣ್ಣನದು ಅರಳು ಹುರಿದಂಥ ಮಾತು. ಕೆಟ್ಟ ಯಂತ್ರ ಹಿಡಿದು, ಮುಖ ಗಂಟಿಕ್ಕಿಕೊಂಡು ಬಂದವರೂ ಅವನ ಎದುರು ಕೂತು ಎದ್ದುಹೋಗುವಾಗ ನಗುತ್ತಿದ್ದರು. ಲ್ಯಾಪ್‌ಟಾಪುಗಳ ಕಾಲ ಬಂದಾಗ, ಫ್ಯಾನು ಅಂದ ಮೇಲೆ ಫ್ಯಾನೇ ತಾನೆ, ಸಣ್ಣದೇನು ದೊಡ್ಡದೇನು ಎಂದು ತಂಗಿಯ ಮುಂದೆ ಮೊದಲ ಯಂತ್ರ ತಂದಿಟ್ಟವನೂ ಅವನೇ. ಅಂದಿನಿಂದ ಮುಂದೆ ಅಣ್ಣನ ಮಾತು, ಹಿಂದೆ ತಂಗಿಯ ಕೆಲಸ. ಒಂದೇ ಅಂಗಡಿಯಲ್ಲಿ ಒಬ್ಬರೇ ಮನುಷ್ಯರಂತೆ ಇಬ್ಬರೂ ಬದುಕಿದರು. ತಂಗಿಯನ್ನು ಅಣ್ಣ ಕರೆಯುತ್ತಿದ್ದದ್ದು ಮೌನಗೌರಿ ಎಂದು.

ದಿನಕ್ಕೆ ನಾಲ್ಕೋ ಐದೋ ಯಂತ್ರ ಬರುತ್ತವೆ. ಹೆಚ್ಚಿನವರ ದೂರು ಒಂದೇ: ಲ್ಯಾಪ್‌ಟಾಪು ತೊಡೆ ಸುಡುತ್ತದೆ, ಸ್ವಲ್ಪ ಹೊತ್ತಿಗೆ ಆಮೆಯಾಗುತ್ತದೆ. ವೈರಸ್ ಹೊಕ್ಕಿದೆ, ವಯಸ್ಸಾಗಿದೆ, ಮಗ ಆಟವಾಡಿ ಹಾಳುಮಾಡಿದ್ದಾನೆ ಎಂದು ಒಬ್ಬೊಬ್ಬರದು ಒಂದೊಂದು ತೀರ್ಮಾನ. ನಿಜವೆಂದರೆ ಯಂತ್ರ ತನ್ನ ಜೀವ ಉಳಿಸಿಕೊಳ್ಳುತ್ತಿರುತ್ತದೆ. ಬಿಸಿಲಲ್ಲಿ ಮೂಟೆ ಹೊತ್ತವನು ಕುಸಿದು ಬೀಳುವ ಬದಲು ನಡಿಗೆ ನಿಧಾನ ಮಾಡುತ್ತಾನಲ್ಲ, ಹಾಗೆ. ಬಿಸಿ ಮಿತಿ ದಾಟಿದರೆ ಒಳಗಿನ ಚಿಪ್, ಅಂದರೆ ಯಂತ್ರದ ಮಿದುಳು, ತಾನೇ ವೇಗ ಇಳಿಸಿಕೊಳ್ಳುತ್ತದೆ. ಬೈಯಬೇಕಾದ್ದು ಅದನ್ನಲ್ಲ, ಗಾಳಿಯ ದಾರಿಗೆ ಅಡ್ಡಬಿದ್ದ ಧೂಳನ್ನು, ಇಲ್ಲವೇ ಚಿಪ್‌ನ ಬಿಸಿಯನ್ನು ಲೋಹದ ಕೊಳವೆಗೆ ದಾಟಿಸುವ ಪೇಸ್ಟು ಒಣಗಿ ಹಕ್ಕಳೆಯಾದದ್ದನ್ನು.

ಎಲ್ಲ ಕೇಳಿಸಿಕೊಂಡು ಕೊನೆಗೆ ಗಿರಾಕಿಗಳು ಕೇಳುವ ಒಂದು ಪ್ರಶ್ನೆ ಇದೆ: ಕಂಪನಿಯವರು ಹೊಸ ಅಪ್‌ಡೇಟ್ ಕಳಿಸಿದ್ದಾರೆ, ಬಿಸಿ ಕಡಿಮೆಯಾಗುತ್ತದೆ ಎಂದು ಬರೆದಿದ್ದಾರೆ, ಅದನ್ನೇ ಹಾಕಿಕೊಂಡರೆ ಸಾಲದೇ? ಅಣ್ಣ ಇದ್ದಾಗ ಈ ಪ್ರಶ್ನೆಗೆ ಗಾದೆಯೇ ಉತ್ತರವಾಗುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂದು ಅವನು ಶುರುಮಾಡಿದರೆ ಕೀಲಿ ಅಂಗಡಿಯವರೂ ಬಂದು ನಿಂತು ಕೇಳುತ್ತಿದ್ದರು. ಫ್ಯಾನಕ್ಕ ಈಗ ಹೇಳುವುದು ಎರಡೇ ವಾಕ್ಯ.

'ತಪ್ಪು ಸಾಫ್ಟ್‌ವೇರಲ್ಲಿದ್ರೆ ಅಪ್‌ಡೇಟ್ ಸರಿ ಮಾಡುತ್ತೆ, ಅಂಥದ್ದೂ ನೋಡಿದೀನಿ. ಧೂಳಿಗೆ ಮಾತ್ರ ಅಪ್‌ಡೇಟ್ ಇಲ್ಲ.'

ಇಷ್ಟು ಹೇಳುವಾಗಲೂ ಮುಖ ಸಣ್ಣದಾಗುತ್ತದೆ, ಕಣ್ಣು ಕೆಲಸದ ಕಡೆ ತಿರುಗುತ್ತದೆ. ಗಿರಾಕಿಗಳು ಸಿಡುಕಿ ಎಂದುಕೊಂಡು ಹೋಗುತ್ತಾರೆ. ಅವರದೇನು ತಪ್ಪು? ಸಾವಿರ ಜನಕ್ಕೆ ಹೇಳಿದ ಈ ಬುದ್ಧಿಮಾತನ್ನು ಫ್ಯಾನಕ್ಕ ಒಂದೇ ಒಂದು ಸಲ, ಒಂದೇ ಒಂದು ಯಂತ್ರದ ವಿಷಯದಲ್ಲಿ ಮರೆತರು ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು.

ಕೆಲವು ವರ್ಷಗಳ ಹಿಂದೆ ಅಣ್ಣನ ಮಾತು ತೊದಲತೊಡಗಿತು. ಮೊದಲಿಗೆ ಅವನೇ ನಗೆಯಾಡಿದ, ಇಷ್ಟು ವರ್ಷ ದುಡಿದ ನಾಲಿಗೆ, ಅದಕ್ಕೂ ಸುಸ್ತಾಗುವುದಿಲ್ಲವೇ ಎಂದು. ಆಮೇಲೆ ನೀರು ಕುಡಿದರೆ ಕೆಮ್ಮು ಬರತೊಡಗಿತು. ಡಾಕ್ಟರು ಪರೀಕ್ಷೆ ಮಾಡಿ, ಇದು ನರಗಳ ಕಾಯಿಲೆ, ನಿಲ್ಲಿಸುವ ಮದ್ದಿಲ್ಲ, ಮೊದಲು ಮಾತು ಹೋಗುತ್ತದೆ, ಆಮೇಲೆ ಕೈಗೂ ಬರುತ್ತದೆ ಎಂದರು. ಆ ದಿನ ಅತ್ತಿಗೆ ಆಸ್ಪತ್ರೆಯ ಗೋಡೆಗೆ ತಲೆ ಆನಿಸಿ ಅತ್ತರು. ಫ್ಯಾನಕ್ಕ ಅಳಲಿಲ್ಲ. ಅಂಗಡಿಗೆ ಬಂದು, ಆಗಲೇ ಸ್ವಚ್ಛ ಮಾಡಿದ್ದ ಫ್ಯಾನನ್ನೇ ಮತ್ತೆ ಬಿಚ್ಚಿ ಒರೆಸಿದರು.

ಮಾತು ಪೂರ್ತಿ ಹೋಗುವ ಮೊದಲು ಆಸ್ಪತ್ರೆಯ ಒಬ್ಬ ಹೆಣ್ಣುಮಗಳು, ಮಾತಿನ ತೊಂದರೆ ಇದ್ದವರಿಗೆ ಅಭ್ಯಾಸ ಮಾಡಿಸುವವರು, ಒಂದು ದಾರಿ ತೋರಿಸಿದರು. ಅಣ್ಣನ ದನಿಯಲ್ಲಿ ರಾಶಿ ವಾಕ್ಯಗಳನ್ನು ಓದಿಸಿ, ರೆಕಾರ್ಡ್ ಮಾಡಿಕೊಂಡು, ಒಂದು ಸಣ್ಣ ಕಂಪನಿಯ ಸಾಫ್ಟ್‌ವೇರಿಗೆ ತುಂಬಿದರು. ಅಂದಿನಿಂದ ಅಣ್ಣ ಏನು ಟೈಪ್ ಮಾಡಿದರೂ ಅವನ ಲ್ಯಾಪ್‌ಟಾಪು ಅದನ್ನು ಅವನದೇ ದನಿಯಲ್ಲಿ ಹೇಳುತ್ತಿತ್ತು. ಸ್ವಲ್ಪ ನೆಗಡಿಯಾದ ಅಣ್ಣನ ದನಿ ಎನ್ನಬಹುದು, ಅಷ್ಟೇ ವ್ಯತ್ಯಾಸ. ಮನೆಯಲ್ಲಿ ಮತ್ತೆ ನಗು ಬಂತು. ಬಾಯಿ ಹೋದರೂ ಬಾಯಿಬಡುಕತನ ಹೋಗಲಿಲ್ಲವಲ್ಲ ಎಂದು ಅತ್ತಿಗೆ ಕಣ್ಣೊರೆಸಿಕೊಂಡು ಬೈದರು. ಮುಂದೆ ಆ ಸಣ್ಣ ಕಂಪನಿ ಬಾಗಿಲು ಹಾಕಿತು. ಸಾಫ್ಟ್‌ವೇರು ಆ ಒಂದು ಲ್ಯಾಪ್‌ಟಾಪಿಗೇ ಗಂಟುಬಿದ್ದಿತ್ತು, ಬೇರೆ ಯಂತ್ರಕ್ಕೆ ಹಾಕಿದರೆ ತೆರೆಯುತ್ತಲೇ ಇರಲಿಲ್ಲ. ಅಣ್ಣನ ದನಿ ಇರುವುದು ಈ ಜಗತ್ತಿನಲ್ಲಿ ಆ ಒಂದು ಹಳೆಯ ಪೆಟ್ಟಿಗೆಯೊಳಗೆ ಮಾತ್ರ ಎಂದಾಯಿತು.

ದನಿ ಕಟ್ಟುವುದು ಯಂತ್ರಕ್ಕೆ ಭಾರದ ಕೆಲಸ. ಅಣ್ಣನೋ ಒಂದು ಮಾತಲ್ಲಿ ಮುಗಿಸುವ ಪೈಕಿಯಲ್ಲ. ಲ್ಯಾಪ್‌ಟಾಪು ಕಾವಲಿಯ ಹಾಗೆ ಕಾಯತೊಡಗಿತು, ಫ್ಯಾನು ಅರಚತೊಡಗಿತು, ಆಗೀಗ ವಾಕ್ಯದ ನಡುವೆ ದನಿ ತಡವರಿಸಿತು. ಬೇರೆ ಯಾರದೇ ಯಂತ್ರವಾಗಿದ್ದರೆ ಫ್ಯಾನಕ್ಕ ಮಾರನೆಯ ನಸುಕಿಗೇ ಅದನ್ನು ಬಿಚ್ಚಿ ಹರಡುತ್ತಿದ್ದರು. ಇದನ್ನು ಬಿಚ್ಚಲು ಕೈ ಬರಲಿಲ್ಲ. ಹಳೆಯ ಪ್ಲಾಸ್ಟಿಕ್ಕು, ಮುಟ್ಟಿದರೆ ಮುರಿಯುವ ಸ್ಕ್ರೂ ಕಂಬಗಳು, ಒಣಗಿ ಗರಿಗರಿಯಾದ ತಂತಿಪಟ್ಟಿ. ಬೋರ್ಡು ಒಂದು ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಅಣ್ಣನ ದನಿ ಎರಡನೆಯ ಸಲ ಹೋಗುತ್ತದೆ, ಈ ಸಲ ತನ್ನ ಕೈಯಿಂದಲೇ ಹೋಗುತ್ತದೆ. ಈ ಭಯದಲ್ಲಿ ಅವರು ದಿನ ದೂಡಿದರು.

ಅಷ್ಟರಲ್ಲಿ ಲ್ಯಾಪ್‌ಟಾಪು ತಯಾರಿಸಿದವರಿಂದ ಒಂದು ಅಪ್‌ಡೇಟ್ ಬಂತು. ಬಿಸಿ ಇಳಿಯುತ್ತದೆ, ಫ್ಯಾನಿನ ಸದ್ದು ತಗ್ಗುತ್ತದೆ, ಕೆಲಸ ಸುಗಮವಾಗುತ್ತದೆ ಎಂದು ಪರದೆಯ ಮೇಲೆ ಬರೆದಿತ್ತು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆಯಂತೆ. ಬಿಚ್ಚದೆ, ಮುಟ್ಟದೆ ಸರಿಹೋಗುವುದಾದರೆ ಯಾಕಾಗಬಾರದು ಎಂದು ಫ್ಯಾನಕ್ಕ ಅದನ್ನು ಹಾಕಿದರು. ಮಾರನೆಯ ನಸುಕಿಗೆ, ಅಣ್ಣ ಇನ್ನೂ ಮಲಗಿದ್ದಾಗ, ಹೋಗಿ ಯಂತ್ರಕ್ಕೆ ಕಿವಿಯಿಟ್ಟರು. ಫ್ಯಾನು ಮಗು ಮಲಗಿದಂತೆ ಮೆಲ್ಲಗೆ ಉಸಿರಾಡುತ್ತಿತ್ತು. ಅಡಿಗೆ ಅಂಗೈ ಇಟ್ಟರು, ತಣ್ಣಗಿತ್ತು. ಆವತ್ತು ಫ್ಯಾನಕ್ಕ ಅಂಗಡಿಯಲ್ಲಿ ತಾವಾಗಿಯೇ ಮಾತಾಡಿದ್ದನ್ನು ಕೀಲಿ ಅಂಗಡಿಯವರು ಈಗಲೂ ನೆನೆಸುತ್ತಾರೆ. ಅಣ್ಣನ ಲ್ಯಾಪ್‌ಟಾಪು ನೀರಿನಂತೆ ತಣ್ಣಗಾಗಿದೆ ಎಂದು ಬಂದವರಿಗೆಲ್ಲ ಹೇಳಿದರಂತೆ.

ಯಂತ್ರ ತಣ್ಣಗಾದದ್ದು ಸುಳ್ಳಲ್ಲ. ಆ ಅಪ್‌ಡೇಟ್ ಬಿಸಿಗೆ ಮದ್ದು ಹಾಕಿರಲಿಲ್ಲ, ವೇಗಕ್ಕೆ ಕಡಿವಾಣ ಹಾಕಿತ್ತು. ಬಿಸಿಯಾಗುವಷ್ಟು ಕೆಲಸವನ್ನೇ ಮಾಡಬೇಡ ಎಂದು ಹಳೆಯ ಯಂತ್ರಗಳಿಗೆಲ್ಲ ಅಪ್ಪಣೆಯಾಗಿತ್ತು. ಮಿಂಚಂಚೆ ನೋಡುವವರಿಗೆ, ಫೋಟೋ ನೋಡುವವರಿಗೆ ಅದು ಗೊತ್ತಾಗುವಂಥದ್ದಲ್ಲ. ಅಣ್ಣನಿಗೆ ಮಾತ್ರ, ಟೈಪ್ ಮಾಡಿ ಗುಂಡಿ ಒತ್ತಿದ ಮೇಲೆ, ತನ್ನ ದನಿ ಯಾವಾಗ ಬರುತ್ತದೋ ಎಂದು ಕಾಯುವುದೇ ಕೆಲಸವಾಯಿತು.

ಇದು ತಂಗಿಗೆ ತಿಳಿಯಲಿಲ್ಲವೇ ಎಂದು ಯಾರಾದರೂ ಕೇಳಿಯಾರು. ಹೇಗೆ ತಿಳಿಯಬೇಕು? ಆಕೆ ಯಂತ್ರ ಪರೀಕ್ಷಿಸುವುದು ನಸುಕಿನಲ್ಲಿ, ಅದು ಸುಮ್ಮನಿರುವಾಗ. ಸಂಜೆ ಅಣ್ಣನ ಮನೆಗೆ ಹೋದರೆ ಮೊದಲು ಲ್ಯಾಪ್‌ಟಾಪಿನ ಅಡಿಗೆ ಕೈ, ತಣ್ಣಗಿದೆ ಎಂದು ಒಂದು ನಿಟ್ಟುಸಿರು, ಆಮೇಲೆ ಅಣ್ಣನ ಪಕ್ಕ ಸ್ಟೂಲು ಎಳೆದು ಸುಮ್ಮನೆ ಕೂರುವುದು. ಹುಟ್ಟಿದಾಗಿನಿಂದ ಇಬ್ಬರೂ ಹಾಗೇ ಕೂತವರು, ಅವನು ಆಡುತ್ತಿದ್ದ, ಇವರು ಕೇಳುತ್ತಿದ್ದರು. ಈಗ ಅವನೂ ಆಡದಿದ್ದರೆ ದಣಿದಿದ್ದಾನೆ ಎಂದುಕೊಂಡರು. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರಲ್ಲ.

ಒಂದು ರಜೆಯ ದಿನ ಎಲ್ಲರೂ ಊಟಕ್ಕೆ ಕೂತಿದ್ದರು. ಅಣ್ಣನಿಗೆ ಒಬ್ಬಳೇ ಮಗಳು, ಔಷಧಿ ಅಂಗಡಿಯಲ್ಲಿ ಕೆಲಸ. ಚಿಲ್ಲರೆ ಮರೆತುಹೋದ ಗಿರಾಕಿಯ ಹಿಂದೆ ತನ್ನ ಮ್ಯಾನೇಜರು ಓಡಿ, ಚಪ್ಪಲಿಯೊಂದನ್ನು ಚರಂಡಿಗೆ ಬೀಳಿಸಿಕೊಂಡು ಬಂದ ಕತೆ ಹೇಳಿ ಅವಳು ಎಲ್ಲರನ್ನೂ ನಗಿಸಿದಳು. ಅಣ್ಣ ಕಣ್ಣು ಮಿನುಗಿಸುತ್ತ ಏನೋ ಟೈಪ್ ಮಾಡಿದ. ನಗು ನಿಂತಿತು, ತಟ್ಟೆಗಳಿಗೆ ಎರಡನೆಯ ಸಲ ಬಡಿಸಿಯಾಯಿತು. ಮಗಳು ದನಿ ತಗ್ಗಿಸಿ, ತನ್ನನ್ನು ಮದುವೆಯಾಗಬೇಕೆಂದಿದ್ದ ಹುಡುಗ ಹಿಂದೆ ಸರಿದಿದ್ದಾನೆ, ಅಪ್ಪನ ಕಾಯಿಲೆ ನಾಳೆ ಮಕ್ಕಳಿಗೂ ಬಂದೀತೆಂದು ಅವನ ಮನೆಯವರಿಗೆ ಭಯವಂತೆ ಎಂದಳು. ಅತ್ತಿಗೆ ಸೌಟು ಕೆಳಗಿಟ್ಟರು. ಅಷ್ಟರಲ್ಲಿ ಲ್ಯಾಪ್‌ಟಾಪು ಅಣ್ಣನ ಉಲ್ಲಾಸದ ದನಿಯಲ್ಲಿ ಬಾಯಿಬಿಟ್ಟಿತು.

'ಪಾಪ, ಓಡಿದ ಚಪ್ಪಲಿಗೆ ಆವತ್ತಿನ ಸಂಬಳ ಆದ್ರೂ ಕೊಟ್ರಾ?'

ಮಗಳು ತಟ್ಟೆ ಸರಿಸಿ ಎದ್ದಳು. 'ನಿನಗೆ ಎಲ್ಲಾ ತಮಾಷೆನೇ ಅಪ್ಪ' ಎಂದು ಹೇಳಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಣ್ಣ ಗಾಬರಿಯಿಂದ ಮತ್ತೇನೋ ಟೈಪ್ ಮಾಡಿದ. 'ಅದು ಮೊದಲು ಹೇಳಿದ್ದಕ್ಕೆ ಮಗಳೇ' ಎಂದು ಯಂತ್ರ ಹೇಳುವ ಹೊತ್ತಿಗೆ ಮೇಜು ಖಾಲಿಯಾಗಿತ್ತು, ಅತ್ತಿಗೆ ಮಗಳ ಬಾಗಿಲು ತಟ್ಟುತ್ತಿದ್ದರು. ಫ್ಯಾನಕ್ಕ ಹಿತ್ತಲಲ್ಲಿ ಕೈ ತೊಳೆಯುತ್ತ, ಕಾಯಿಲೆ ಅಣ್ಣನ ಬುದ್ಧಿಗೂ ಏರಿತೇ ಎಂದು ಒಳಗೊಳಗೇ ಸಿಟ್ಟಾಗಿದ್ದರು. ಹೋಗುವ ಮುನ್ನ ರೂಢಿಯಂತೆ ಯಂತ್ರ ಮುಟ್ಟಿ ನೋಡಿದರು. ತಣ್ಣಗಿತ್ತು.

ಅಂದಿನಿಂದ ಅಣ್ಣನ ಮಾತು ಹೂಂ, ಬೇಡ, ಸರಿ ಎಂಬಷ್ಟಕ್ಕೆ ಇಳಿಯಿತು. ಚಿಕ್ಕ ಮಾತಾದರೆ ತುಸು ಬೇಗ ಬರುತ್ತಿತ್ತು, ತಪ್ಪಿದ ಜಾಗದಲ್ಲಿ ಬಿದ್ದು ಯಾರನ್ನೂ ನೋಯಿಸುತ್ತಿರಲಿಲ್ಲ. ಅತ್ತಿಗೆಗೆ ಅದು ಬೇರೆಯೇ ಕಂಡಿತು. 'ಅವರಿಗೆ ನಾವೇ ಬೇಡವಾಗಿದ್ದೀವಿ' ಎಂದು ನಾದಿನಿಯ ಮುಂದೆ ಅತ್ತರು. ಡಾಕ್ಟರು ಮನಸ್ಸು ಕುಗ್ಗಿದೆ ಎಂದು ಒಂದು ಮಾತ್ರೆ ಬರೆದುಕೊಟ್ಟರು. ಅಪ್ಪ ಮಗಳ ನಡುವೆ ಲೋಟ ಇಡುವ, ಎತ್ತುವ ಸದ್ದಷ್ಟೇ ಉಳಿಯಿತು. ಡಾಕ್ಟರು ಮೊದಲೇ ಹೇಳಿದ್ದ ಹಾಗೆ ಆ ದಿನಗಳಲ್ಲೇ ಅವನ ಎಡಗೈ ಬೆರಳುಗಳು ಒಂದೊಂದಾಗಿ ಸೋಲುತ್ತ ಬಂದವು. ಆಡಬಹುದಾಗಿದ್ದ ಕೊನೆಯ ಉದ್ದುದ್ದ ಮಾತುಗಳ ಕಾಲ ಅದು. ಅದೆಲ್ಲ ಹೂಂ, ಬೇಡ, ಸರಿ ಎಂಬುದರಲ್ಲಿ ಕಳೆದುಹೋಯಿತು. ಬರೆಯಲು ಕೂತರೆ ಈಗಲೂ ಹೊಟ್ಟೆ ಉರಿಯುವ ಸಂಗತಿ ಇದು.

ನಿಜ ಹೊರಬಿದ್ದದ್ದು ಒಂದು ಬೆಕ್ಕಿನಿಂದ. ಅತ್ತಿಗೆ ಔಷಧಿ ತರಲು ಹೋಗಿದ್ದ ಒಂದು ಸಂಜೆ ಫ್ಯಾನಕ್ಕ ಅಣ್ಣನ ಪಕ್ಕ ಕೂತು ಬಟ್ಟೆ ಮಡಿಸುತ್ತಿದ್ದರು. ಅಣ್ಣ ಕಿಟಕಿಯಾಚೆ ನೋಡಿ ಏನೋ ಟೈಪ್ ಮಾಡಿದ, ಕೀಲಿಗಳ ಸದ್ದು ಆಕೆಗೆ ಕೇಳಿಸಿತು. ಒಂದು ಅಂಗಿ ಮಡಿಸಿಯಾಯಿತು, ಒಂದು ಟವೆಲ್ಲು ಮಡಿಸಿಯಾಯಿತು. ಆಗ ದನಿ ಬಂತು: 'ಅಲ್ನೋಡು, ಪಕ್ಕದ ಮನೆ ಹಾಲಿಗೆ ಬೆಕ್ಕು ಬಾಯಿ ಹಾಕ್ತಿದೆ.' ಫ್ಯಾನಕ್ಕ ತಿರುಗಿ ನೋಡಿದರು. ಪಕ್ಕದ ಮನೆಯ ಕಟ್ಟೆಯ ಮೇಲೆ ಪಾತ್ರೆ ಖಾಲಿ, ಬೆಕ್ಕಿನ ಸುಳಿವೇ ಇಲ್ಲ. ಅಣ್ಣನ ಕಡೆ ನೋಡಿದರು. ಅವನು ಇದೇನು ಹೊಸದಲ್ಲ ಬಿಡು ಎಂಬಂತೆ ಒಂದು ಭುಜ ಎತ್ತಿ ಇಳಿಸಿದ.

ಫ್ಯಾನಕ್ಕ ಬಟ್ಟೆ ಬದಿಗಿಟ್ಟರು. ಒಂದು ಅಂತ ಟೈಪ್ ಮಾಡು ಅಣ್ಣ ಎಂದರು. ಅವನು ಮಾಡಿ ಗುಂಡಿ ಒತ್ತಿದ. ಬೀದಿಯಲ್ಲಿ ಒಂದು ಸ್ಕೂಟರು ಬಂದು, ದಾಟಿ, ತಿರುವಿನಲ್ಲಿ ಮರೆಯಾದ ಮೇಲೆ ಯಂತ್ರ 'ಒಂದು' ಎಂದಿತು. ಇನ್ನೂ ಉದ್ದದ್ದು ಮಾಡು ಎಂದರು, ಇನ್ನೂ ತಡವಾಯಿತು. ಅಂಗೈಯನ್ನು ಯಂತ್ರದ ಅಡಿಗೆ ಇಟ್ಟರು. ಇಷ್ಟು ದಿನ ನೆಮ್ಮದಿ ಕೊಟ್ಟಿದ್ದ ಆ ತಂಪು ಏನೆಂಬುದು ಆಗ ತಿಳಿಯಿತು. ಕೈ ಹಿಂದಕ್ಕೆಳೆದುಕೊಂಡರು.

'ಯಾವಾಗಿಂದ ಹೀಗೆ?'

ಅಪ್‌ಡೇಟ್ ಹಾಕಿದಾಗಿನಿಂದ ಎಂದು ಅಣ್ಣ ಪರದೆಯ ಮೇಲೇ ತೋರಿಸಿದ, ದನಿಯ ಗುಂಡಿ ಒತ್ತಲಿಲ್ಲ. ಹಾಗಾದರೆ ಇಷ್ಟು ದಿನ ಯಾಕೆ ಹೇಳಲಿಲ್ಲ, ಒಂದು ಮಾತು ಹೇಳಬಾರದಿತ್ತೇ ಎಂದು ಫ್ಯಾನಕ್ಕ ಕೇಳಿದಾಗ ಅವನು ತುಂಬ ಹೊತ್ತು ಟೈಪ್ ಮಾಡಿದ. ಈ ಸಲ ಗುಂಡಿ ಒತ್ತಿದ. ಇಬ್ಬರೂ ಯಂತ್ರವನ್ನು ನೋಡುತ್ತ ಕಾದರು.

'ತಣ್ಣಗಾಗಿದೆ ಅಂತ ನೀನು ಎಷ್ಟು ಖುಷಿಯಾಗಿದ್ದೆ. ಅದನ್ನ ಬಿಚ್ಚೋಕೆ ನಿನಗೆ ಭಯ, ನನಗೆ ಗೊತ್ತಿತ್ತು.'

ಅತ್ತಿಗೆ ಔಷಧಿ ಹಿಡಿದು ಬಂದಾಗ ಫ್ಯಾನಕ್ಕ ನೆಲದ ಮೇಲೆ ಕೂತು ಅಣ್ಣನ ಮೊಣಕಾಲಿಗೆ ಹಣೆ ಒತ್ತಿ ಅಳುತ್ತಿದ್ದರು. ಅಪ್ಪ ಸತ್ತಾಗಲೂ ಆಕೆ ಹಾಗೆ ಅತ್ತದ್ದನ್ನು ತಾನು ಕಂಡಿರಲಿಲ್ಲ ಎಂದು ಅತ್ತಿಗೆ ಹೇಳುತ್ತಾರೆ.

ಮಾರನೆಯ ನಸುಕಿಗೆ ಆ ಲ್ಯಾಪ್‌ಟಾಪು ಮೆಟ್ಟಿಲ ಕೆಳಗಿನ ಮೇಜಿಗೆ ಬಂತು. ಹೋದರೆ ಹೋಗಲಿ, ಅರ್ಧ ಜೀವದಲ್ಲಿ ಇದ್ದೂ ಇಲ್ಲದಂತಿರುವುದಕ್ಕಿಂತ ಮೇಲು ಎಂದು ಅಣ್ಣನೇ ಕಳಿಸಿದ. ಸ್ಕ್ರೂ ಬಿಚ್ಚುವಾಗ ಹೆದರಿದಂತೆಯೇ ಒಂದು ಕಂಬ ಮುರಿಯಿತು. ಫ್ಯಾನಿನ ಬಾಯಿಯಲ್ಲಿ ಬೆರಳು ದಪ್ಪದ ಧೂಳು, ಅತ್ತಿಗೆ ಹೊಲಿಯುವ ಹೊದಿಕೆಗಳ ಬಣ್ಣಬಣ್ಣದ ಎಳೆಗಳು ಅದರಲ್ಲಿ. ಪೇಸ್ಟು ಒಣಗಿ ಸುಣ್ಣದ ಪುಡಿಯಾಗಿತ್ತು. ಎಲ್ಲ ಒರೆಸಿ, ಹೊಸ ಪೇಸ್ಟನ್ನು ಕಡಲೆಕಾಳಿನಷ್ಟು ಇಟ್ಟು, ಮುರಿದ ಕಂಬಕ್ಕೆ ಅಂಟು ಹಾಕಿ ಕೂರಿಸಿದರು. ಅಪ್‌ಡೇಟನ್ನು ತೆಗೆದು ಹಳೆಯದನ್ನೇ ಮರಳಿ ಹಾಕಿದರು. ಈ ಸಲ ಕಿವಿಯಿಡಲಿಲ್ಲ, ಅಂಗೈಯನ್ನೂ ಇಡಲಿಲ್ಲ. ಹಾಗೇ ಎತ್ತಿಕೊಂಡು ಅಣ್ಣನ ಮನೆಗೆ ಹೋಗಿ ಅವನ ಮುಂದಿಟ್ಟು, ಮಾತಾಡು ಎಂದರು. ಗುಂಡಿ ಒತ್ತಿದ್ದೇ ತಡ, ದನಿ ಬಂತು. ಮಗಳು ಕೋಣೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು.

ಅವಳಿಗೆ ವಿಷಯ ತಿಳಿಸಿದ್ದು ಫ್ಯಾನಕ್ಕನೇ. ಊಟದ ದಿನದ ಆ ಮಾತು ಚಪ್ಪಲಿಯ ಕತೆಗೆ ಹೇಳಿದ್ದು, ತಡ ಮಾಡಿದ್ದು ಯಂತ್ರ, ಯಂತ್ರವನ್ನು ಹಾಗೆ ಮಾಡಿದ್ದು ತಾನು ಎಂದು ಒಂದೇ ಉಸಿರಿಗೆ ಹೇಳಿದರು. ಬಾಳಿನಲ್ಲಿ ಅಷ್ಟು ಉದ್ದದ ಮಾತನ್ನು ಆಕೆ ಮತ್ತೊಮ್ಮೆ ಆಡಿಲ್ಲ. ಮಗಳು ಅಪ್ಪನ ಹೆಗಲಿಗೆ ಮುಖ ಇಟ್ಟು, ಅತ್ತೆ, ನನಗೆ ಯಾರೂ ಯಾಕೆ ಹೇಳ್ಲಿಲ್ಲ ಎಂದು ಅತ್ತಳು. ಈಗ ಕೆಲಸದಿಂದ ಬಂದವಳೇ ಮೊದಲು ಅಪ್ಪನ ಎದುರು ಕೂತು ಔಷಧಿ ಅಂಗಡಿಯ ಸುದ್ದಿಯೆಲ್ಲ ಒಪ್ಪಿಸುತ್ತಾಳೆ, ಅವನ ಉತ್ತರ ಬರುವವರೆಗೆ ಮುಂದಿನ ಸುದ್ದಿ ಎತ್ತುವುದಿಲ್ಲ.

ಕತೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಯಂತ್ರ ಸರಿಹೋದ ಹೊತ್ತಿಗೆ ಬೆರಳುಗಳ ಕಾಲ ಮುಗಿಯುತ್ತ ಬಂದಿತ್ತು. ಎಡಗೈ ಪೂರ್ತಿ ಹೋಗಿದೆ, ಬಲಗೈಯಲ್ಲಿ ತೋರುಬೆರಳೊಂದೇ ಮಾತು ಕೇಳುತ್ತದೆ. ಒಂದು ಅಕ್ಷರದಿಂದ ಇನ್ನೊಂದಕ್ಕೆ ಹೋಗಲು ಅದು ಪಡುವ ಪಾಡು ನೋಡಲಾಗದು. ಮುಂದಿನ ಪದ ಇದೇ ಇರಬೇಕೆಂದು ಊಹಿಸಿ ತೋರಿಸುವ ಅನುಕೂಲ ಆ ಸಾಫ್ಟ್‌ವೇರಿನಲ್ಲಿದೆ, ಅಣ್ಣ ಅದನ್ನು ತೆಗೆಸಿಹಾಕಿದ್ದಾನೆ. ತನ್ನ ಮಾತನ್ನು ಇನ್ನೊಬ್ಬರು ಮುಗಿಸುವುದು ಅವನಿಗೆ ಆಗಿಬರುವುದಿಲ್ಲ. ಮನೆಗೆ ಬಂದವರು ಅರ್ಧ ಪದ ನೋಡಿ, ನೀರು ಬೇಕಾ, ಕಿಟಕಿ ಹಾಕಬೇಕಾ ಎಂದು ಊಹೆಗಿಳಿದರೆ ಫ್ಯಾನಕ್ಕ ಅವರ ಕಡೆ ಒಂದು ನೋಟ ಬೀರುತ್ತಾರೆ, ಅಷ್ಟಕ್ಕೇ ಅವರು ಸುಮ್ಮನಾಗಬೇಕು. ಆ ಬೆರಳೂ ಇನ್ನು ಹೆಚ್ಚು ದಿನ ಇರಲಾರದು ಎಂದು ಡಾಕ್ಟರು ಹೇಳಿದ್ದಾರೆ. ಕಣ್ಣಿನಲ್ಲೇ ಅಕ್ಷರ ಆರಿಸುವ ಯಂತ್ರಗಳಿವೆಯಂತೆ, ಈ ಹಳೆಯ ಲ್ಯಾಪ್‌ಟಾಪು ಅವುಗಳ ಜೊತೆ ಹೊಂದಿಕೊಳ್ಳುವುದಿಲ್ಲ. ಫ್ಯಾನಕ್ಕ ವಿಚಾರಿಸದ ಅಂಗಡಿ ಉಳಿದಿಲ್ಲ.

ಮಿಂಚಿಹೋದದ್ದಕ್ಕೆ ಚಿಂತಿಸಿ ಫಲವಿಲ್ಲ ಎಂದು ಅತ್ತಿಗೆ ಸಮಾಧಾನ ಹೇಳುತ್ತಾರೆ. ಕಾಯಿಲೆ ತಂದದ್ದು ನೀವಲ್ಲ ಎನ್ನುತ್ತಾರೆ ಡಾಕ್ಟರು. ಇಬ್ಬರ ಮಾತೂ ಫ್ಯಾನಕ್ಕನ ಒಳಗೆ ಇಳಿದಿಲ್ಲ. ತಪ್ಪು ಮಾಡಿದ ಕೈಗೆ ಬೈಗುಳ ಬೀಳದಿದ್ದರೆ ಅದು ಇನ್ನಷ್ಟು ಸುಡುತ್ತದೆ. ಅಣ್ಣ ಅವರನ್ನು ಒಂದು ಸಲವೂ ಬೈದಿಲ್ಲ, ಆ ವಿಷಯ ಎತ್ತಿದರೆ ಮುಖ ತಿರುಗಿಸುತ್ತಾನೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ದೊಡ್ಡ ಅಂಗಡಿ, ಹೊಸ ಸಾಮಾನು ಯಾವುದನ್ನೂ ಆಕೆ ಹೇಳುವುದಿಲ್ಲ. 'ಅವನ ಬಾಯಲ್ಲಿ ಒಂದ್ಸಲ ಬೈಸಿಕೋಬೇಕು. ಮೊದಲೆಲ್ಲ ಬೈತಿದ್ನಲ್ಲ, ಉದ್ದಕ್ಕೆ, ಹಾಗೆ' ಎನ್ನುತ್ತಾರೆ.

ಮೊನ್ನೆ ಅಂಗಡಿ ಮುಚ್ಚಿ ಹೋದವರು ಅದನ್ನೇ ಅಣ್ಣನ ಹತ್ತಿರ ಕೇಳಿಯೂಬಿಟ್ಟರು. ದಿನವಿಡೀ ಯಂತ್ರಗಳು ಸಾಲಾಗಿ ಬಂದು ಕೂತಿದ್ದವು, ಮಧ್ಯಾಹ್ನ ಎರಡು ಬಿಸ್ಕತ್ತು ಬಾಯಿಗೆ ಹಾಕಿಕೊಂಡದ್ದು ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಸ್ಟೂಲು ಎಳೆದು ಕೂತವರೇ, ಬೆರಳಿರುವಾಗಲೇ ನನ್ನನ್ನು ಬೈದುಬಿಡು ಅಣ್ಣ, ಮನಸ್ಸಲ್ಲಿ ಏನಿದೆಯೋ ಎಲ್ಲ ಬೈದುಬಿಡು, ಎಷ್ಟು ಹೊತ್ತಾದರೂ ಕೂತಿರುತ್ತೇನೆ ಎಂದರು.

ಅಣ್ಣ ಅವರ ಮುಖವನ್ನು ನೋಡಿದ. ಆಮೇಲೆ ಬೆರಳು ಎತ್ತಿ ಒಂದು ಅಕ್ಷರದ ಮೇಲೆ ಇಟ್ಟ. ಬಹಳ ಹೊತ್ತಾದ ಮೇಲೆ ಇನ್ನೊಂದು. ಅತ್ತಿಗೆ ಒಲೆ ಆರಿಸಿ ಬಂದು ನಿಂತರು, ಮಗಳು ಫೋನು ಕೆಳಗಿಟ್ಟಳು. ಯಾರೂ ಪರದೆ ಇಣುಕಲಿಲ್ಲ. ನಡುವೆ ಬೆರಳು ಜಾರಿ ತಪ್ಪು ಅಕ್ಷರ ಬಿತ್ತು, ಅಳಿಸಿ ಮತ್ತೆ ಶುರುಮಾಡಿದ. ಫ್ಯಾನಕ್ಕ ಕೈ ಕಟ್ಟಿಕೊಂಡು, ಬೈಗುಳಕ್ಕೆ ತಲೆ ತಗ್ಗಿಸಿ ಕೂತಿದ್ದರು. ಕೊನೆಗೆ ಬೆರಳು ಗುಂಡಿಯ ಮೇಲೆ ಬಿತ್ತು.

'ಊಟ ಆಯ್ತಾ?'

ಆಯ್ತು ಅಣ್ಣ ಎಂದು ಆಕೆ ಸುಳ್ಳು ಹೇಳಿದರಂತೆ. ಇದನ್ನು ಹೇಳುವಾಗ ಫ್ಯಾನಕ್ಕ ಕಣ್ಣು ಒರೆಸಿಕೊಳ್ಳುವುದಿಲ್ಲ, ಚಿಮಟದ ತುದಿಯನ್ನು ಸೆರಗಿನಿಂದ ಒರೆಸುತ್ತಾರೆ. ಆಮೇಲೆ ತಾವಾಗಿಯೇ ಒಂದು ಮಾತು ಸೇರಿಸುತ್ತಾರೆ.

'ಒತ್ತಿದ ಕೂಡ್ಲೇ ಬಂತು. ಒಂಚೂರೂ ತಡ ಆಗ್ಲಿಲ್ಲ.'